ಜನರ ಮೇಲೆ ಡ್ರೋನ್ ಹಾರಾಟ

ಜನರ ಮೇಲೆ ಡ್ರೋನ್ ಹಾರಾಟ ಎಂದರೆ ಹಾರಾಟಕ್ಕೆ ಸಂಬಂಧಪಡದ ವ್ಯಕ್ತಿಗಳು ಇರುವ ಸ್ಥಳದ ಮೇಲ್ಗಡೆ ಮಾನವರಹಿತ ವಿಮಾನವನ್ನು ಹಾರಿಸುವುದು. ಮದುವೆ, ಜಾತ್ರೆ, ರಥೋತ್ಸವ, ಕ್ರೀಡಾಕೂಟ ಮತ್ತು ಸಾರ್ವಜನಿಕ ಸಭೆಗಳ ಚಿತ್ರೀಕರಣಕ್ಕೆ ಡ್ರೋನ್‌ಗಳ ಬಳಕೆ ಹೆಚ್ಚಿದಂತೆ ಈ ಬಗೆಯ ಹಾರಾಟವೂ ಸಾಮಾನ್ಯವಾಗಿದೆ. ಡ್ರೋನ್ ಕೆಟ್ಟು ಬಿದ್ದರೆ ಕೆಳಗಿರುವವರಿಗೆ ಗಾಯ ಅಥವಾ ಪ್ರಾಣಾಪಾಯ ಉಂಟಾಗಬಹುದಾದ ಕಾರಣ, ಬಹುತೇಕ ದೇಶಗಳು ಇದನ್ನು ನಿಯಮಗಳ ಮೂಲಕ ನಿರ್ಬಂಧಿಸಿವೆ.

ಭಾರತದಲ್ಲಿ ಈ ವಿಷಯವು ಮುಖ್ಯವಾಗಿ ಡ್ರೋನ್ ನಿಯಮಗಳು, 2021ರ ವ್ಯಾಪ್ತಿಗೆ ಬರುತ್ತದೆ. ಈ ನಿಯಮಗಳು ಡ್ರೋನಿನ ತೂಕವನ್ನೂ ಹಾರಾಟ ನಡೆಯುವ ವಾಯುಪ್ರದೇಶವನ್ನೂ ಆಧರಿಸಿವೆ. ಕೆಳಗೆ ಎಷ್ಟು ಜನರಿದ್ದಾರೆ ಎಂಬುದನ್ನು ಆಧರಿಸಿದ ಪ್ರತ್ಯೇಕ ವರ್ಗೀಕರಣ ಅವುಗಳಲ್ಲಿಲ್ಲ. ಹಸಿರು ವಲಯದಲ್ಲಿ ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲ ಎಂಬುದು ವಾಯುಪ್ರದೇಶಕ್ಕೆ ಸಂಬಂಧಿಸಿದ ಮಾತು. ಕೆಳಗಿರುವವರ ಸುರಕ್ಷತೆಯ ಹೊಣೆಯಿಂದ ಅದು ಪೈಲಟ್‌ಗೆ ವಿನಾಯಿತಿ ನೀಡುವುದಿಲ್ಲ.

ಪರಿಕಲ್ಪನೆ

ವಿಮಾನಯಾನ ನಿಯಮಗಳಲ್ಲಿ ಹಾರಾಟದ ಸ್ಥಳದಲ್ಲಿರುವ ಜನರನ್ನು ಎರಡು ಗುಂಪುಗಳಾಗಿ ನೋಡಲಾಗುತ್ತದೆ. ಪೈಲಟ್, ಆತನ ಸಹಾಯಕರು, ಅಪಾಯವನ್ನು ಅರಿತು ಸೂಚನೆಗಳನ್ನು ಪಡೆದು ಭಾಗವಹಿಸಿದವರು ಹಾರಾಟಕ್ಕೆ ಸಂಬಂಧಪಟ್ಟವರು. ಉಳಿದವರೆಲ್ಲರೂ ಸಂಬಂಧಪಡದವರು. ಸಮಾರಂಭಕ್ಕೆ ಬಂದಿದ್ದಾರೆ ಅಥವಾ ಟಿಕೆಟ್ ಖರೀದಿಸಿದ್ದಾರೆ ಎಂಬ ಕಾರಣಕ್ಕೆ ಪ್ರೇಕ್ಷಕರು ಮೊದಲ ಗುಂಪಿಗೆ ಸೇರುವುದಿಲ್ಲ. ತಲೆಯ ಮೇಲೆ ಡ್ರೋನ್ ಹಾರುತ್ತಿರುವುದು ಅವರಲ್ಲಿ ಅನೇಕರಿಗೆ ಗೊತ್ತೇ ಇರದಿರಬಹುದು.

ಜನಸಂದಣಿ ಎಂಬುದಕ್ಕೆ ಐರೋಪ್ಯ ಒಕ್ಕೂಟದ ನಿಯಮಗಳು ನೀಡಿರುವ ವ್ಯಾಖ್ಯೆ ಗಮನಾರ್ಹವಾದುದು. ಅದು ಜನರ ಸಂಖ್ಯೆಯನ್ನು ಹೇಳುವುದಿಲ್ಲ. ಒತ್ತೊತ್ತಾಗಿ ನಿಂತಿರುವ ಕಾರಣ ಅಪಾಯ ಬಂದಾಗ ಪಕ್ಕಕ್ಕೆ ಸರಿಯಲು ಸಾಧ್ಯವಾಗದ ಗುಂಪನ್ನು ಅದು ಜನಸಂದಣಿ ಎಂದು ಪರಿಗಣಿಸುತ್ತದೆ. ಈ ಅಳತೆಯಂತೆ ವಿಶಾಲವಾದ ಮೈದಾನದಲ್ಲಿ ಚದುರಿರುವ ನೂರು ಮಂದಿ ಜನಸಂದಣಿಯಾಗದೇ ಇರಬಹುದು. ಇಕ್ಕಟ್ಟಾದ ಬೀದಿಯಲ್ಲಿ ತೇರಿನ ಹಗ್ಗ ಹಿಡಿದು ನಿಂತ ಐವತ್ತು ಮಂದಿ ಜನಸಂದಣಿಯಾಗುತ್ತಾರೆ.

ಅಪಾಯದ ಸ್ವರೂಪ

ನಾಲ್ಕು ಅಥವಾ ಹೆಚ್ಚು ಪ್ರೊಪೆಲ್ಲರ್‌ಗಳಿರುವ ಸಾಮಾನ್ಯ ಡ್ರೋನ್‌ಗಳಿಗೆ ವಿಮಾನಕ್ಕಿರುವಂತಹ ಸ್ಥಿರ ರೆಕ್ಕೆಗಳಿಲ್ಲ. ವಿದ್ಯುತ್ ಪೂರೈಕೆ ನಿಂತರೆ ಅವು ತೇಲಿಕೊಂಡು ಇಳಿಯಲಾರವು, ನೇರವಾಗಿ ಬೀಳುತ್ತವೆ. ನಾಲ್ಕು ಪ್ರೊಪೆಲ್ಲರ್‌ಗಳ ಡ್ರೋನಿನಲ್ಲಿ ಒಂದು ಕೆಟ್ಟರೂ ಸಾಮಾನ್ಯವಾಗಿ ಸಮತೋಲನ ತಪ್ಪುತ್ತದೆ.

ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, 120 ಮೀಟರ್ ಎತ್ತರದಿಂದ ಬೀಳುವ ವಸ್ತುವು ಸುಮಾರು 5 ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. 250 ಗ್ರಾಂ ತೂಕದ ಡ್ರೋನಿಗೆ ಆ ಎತ್ತರದಲ್ಲಿ ಇರುವ ಸ್ಥಿತಿಶಕ್ತಿ ಸುಮಾರು 294 ಜೂಲ್. 20 ಮೀಟರ್ ಎತ್ತರದ ಮರದಿಂದ ಬೀಳುವ ಒಂದೂವರೆ ಕಿಲೋಗ್ರಾಂ ತೂಕದ ತೆಂಗಿನಕಾಯಿಯ ಶಕ್ತಿಯೂ ಇಷ್ಟೇ. 2 ಕಿಲೋಗ್ರಾಂ ತೂಕದ ಡ್ರೋನಿನಲ್ಲಿ ಇದು ಸುಮಾರು 2,350 ಜೂಲ್ ಆಗುತ್ತದೆ. ವಾಸ್ತವದಲ್ಲಿ ಗಾಳಿಯ ತಡೆಯಿಂದ ವೇಗ ಕಡಿಮೆಯಾಗುತ್ತದೆ. ಜೊತೆಗೆ ಪ್ಲಾಸ್ಟಿಕ್ ಹೊದಿಕೆಯು ಬಾಗಿ ಮುರಿಯುವುದರಿಂದ ಪೂರ್ಣ ಶಕ್ತಿಯು ದೇಹಕ್ಕೆ ವರ್ಗವಾಗುವುದಿಲ್ಲ. ಆದರೂ ತೂಕ ಮತ್ತು ಎತ್ತರ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಡ್ರೋನ್ ತಾನು ಕೆಟ್ಟ ಸ್ಥಳದ ನೇರ ಕೆಳಗೇ ಬೀಳುತ್ತದೆ ಎಂದು ಭಾವಿಸುವುದು ತಪ್ಪು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮುಂದಕ್ಕೆ ಸಾಗುತ್ತಿರುವಾಗ 120 ಮೀಟರ್ ಎತ್ತರದಲ್ಲಿ ಕೆಟ್ಟರೆ, ಅದು ಬೀಳುವಷ್ಟರಲ್ಲಿ ಸುಮಾರು 50 ಮೀಟರ್ ಮುಂದಕ್ಕೆ ಹೋಗಿರಬಹುದು. ಗಾಳಿ ಬೀಸುತ್ತಿದ್ದರೆ ಈ ದೂರ ಬದಲಾಗುತ್ತದೆ. ಆದ್ದರಿಂದ ಜನರ ನೇರ ಮೇಲ್ಗಡೆ ಹಾರಿಸದಿದ್ದರೆ ಸಾಲದು. ಪಕ್ಕದಲ್ಲಿಯೂ ಸಾಕಷ್ಟು ಅಂತರ ಬಿಡಬೇಕಾಗುತ್ತದೆ.

ಡ್ರೋನಿನಿಂದ ಆಗುವ ಗಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು:
- ಬಡಿತದ ಗಾಯ: ತಲೆ, ಕುತ್ತಿಗೆ ಅಥವಾ ಭುಜದ ಮೇಲೆ ಬಿದ್ದಾಗ ಆಗುವಂಥದು.
- ಕೊಯ್ತದ ಗಾಯ: ವೇಗವಾಗಿ ತಿರುಗುವ ಪ್ರೊಪೆಲ್ಲರ್ ಚರ್ಮ, ಬೆರಳು ಅಥವಾ ಕಣ್ಣಿಗೆ ತಗುಲಿ ಆಗುವಂಥದು.
- ಚುಚ್ಚುಗಾಯ: ಮುರಿದ ಚೂಪಾದ ಭಾಗಗಳು ದೇಹವನ್ನು ಹೊಕ್ಕು ಆಗುವಂಥದು.

ಇವಲ್ಲದೆ, ಹಾನಿಗೊಂಡ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುವ ಸಾಧ್ಯತೆಯೂ ಇದೆ. ಶಾಮಿಯಾನ, ಚಪ್ಪರ ಅಥವಾ ಪಟಾಕಿಗಳಿರುವ ಕಡೆ ಇದು ಗಂಭೀರವಾಗಬಹುದು. ಜನದಟ್ಟಣೆಯಲ್ಲಿ ಬಿದ್ದ ಡ್ರೋನಿಗಿಂತಲೂ ಅದರಿಂದ ಉಂಟಾಗುವ ಗಾಬರಿ ಮತ್ತು ನೂಕುನುಗ್ಗಲು ಹೆಚ್ಚಿನ ಹಾನಿ ಮಾಡಬಹುದು.

ಪತನಕ್ಕೆ ಸಾಮಾನ್ಯ ಕಾರಣಗಳೆಂದರೆ ಬ್ಯಾಟರಿ ಬರಿದಾಗುವುದು, ಪ್ರೊಪೆಲ್ಲರ್ ಸಡಿಲಗೊಳ್ಳುವುದು ಅಥವಾ ಬಿರುಕು ಬಿಡುವುದು, ರೇಡಿಯೊ ಸಂಪರ್ಕ ಇಲ್ಲವೇ ಜಿಪಿಎಸ್ ಸಂಕೇತ ಕಡಿದುಹೋಗುವುದು, ಕಬ್ಬಿಣದ ರಚನೆಗಳ ಸಮೀಪ ದಿಕ್ಸೂಚಿ ತಪ್ಪುವುದು, ಮರ ಮತ್ತು ವಿದ್ಯುತ್ ತಂತಿಗಳಿಗೆ ತಗುಲುವುದು, ಹದ್ದು ಮುಂತಾದ ಹಕ್ಕಿಗಳು ಎರಗುವುದು ಮತ್ತು ಪೈಲಟ್‌ನ ತಪ್ಪು ನಿರ್ಣಯ.

ಪ್ರಮುಖ ಅವಘಡಗಳು

2015ರ ಮೇ 30ರಂದು ಮೆಕ್ಸಿಕೋದ ಟಿಹ್ವಾನಾ ನಗರದಲ್ಲಿ ನಡೆದ ಸಂಗೀತ ಕಾರ್ಯಕ್ರಮದಲ್ಲಿ ಗಾಯಕ ಎನ್ರಿಕೆ ಇಗ್ಲೇಸಿಯಾಸ್ ಪ್ರೇಕ್ಷಕರನ್ನು ಚಿತ್ರೀಕರಿಸುತ್ತಿದ್ದ ಡ್ರೋನನ್ನು ಕೈಯಿಂದ ಹಿಡಿಯಲು ಹೋಗಿ ಬೆರಳುಗಳಿಗೆ ಗಾಯ ಮಾಡಿಕೊಂಡರು.

2015ರ ಡಿಸೆಂಬರ್ 22ರಂದು ಇಟಲಿಯ ಮಡೋನ್ನಾ ಡಿ ಕ್ಯಾಂಪಿಗ್ಲಿಯೋದಲ್ಲಿ ವಿಶ್ವಕಪ್ ಸ್ಕೀಯಿಂಗ್ ಸ್ಪರ್ಧೆ ನಡೆಯುತ್ತಿದ್ದಾಗ, ದೂರದರ್ಶನ ಪ್ರಸಾರಕ್ಕೆ ಬಳಸಲಾಗಿದ್ದ ಡ್ರೋನ್ ಆಸ್ಟ್ರಿಯಾದ ಸ್ಪರ್ಧಿ ಮಾರ್ಸೆಲ್ ಹಿರ್ಷರ್ ಅವರ ಬೆನ್ನ ಹಿಂದೆಯೇ ಅಪ್ಪಳಿಸಿತು. ಅವರು ಸ್ವಲ್ಪದರಲ್ಲಿ ಪಾರಾದರು. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವು ಅನಂತರ ತನ್ನ ಸ್ಪರ್ಧೆಗಳಲ್ಲಿ ಡ್ರೋನ್ ಕ್ಯಾಮೆರಾಗಳ ಬಳಕೆಯನ್ನು ನಿಷೇಧಿಸಿತು.

2017ರ ನವೆಂಬರ್ 4ರಂದು ಜಪಾನಿನ ಗಿಫು ಪ್ರಾಂತ್ಯದ ಓಗಾಕಿ ನಗರದ ಉದ್ಯಾನವೊಂದರಲ್ಲಿ ನೆರೆದಿದ್ದವರಿಗೆ ಮೇಲಿನಿಂದ ಮಿಠಾಯಿ ಎಸೆಯುತ್ತಿದ್ದ ಡ್ರೋನ್ ಸುಮಾರು 10 ಮೀಟರ್ ಎತ್ತರದಿಂದ ಜನರ ನಡುವೆ ಬಿದ್ದು ಆರು ಮಂದಿ ಗಾಯಗೊಂಡರು. ಮಿಠಾಯಿ ಪಡೆಯಲು ಮಕ್ಕಳೂ ಹಿರಿಯರೂ ಡ್ರೋನಿನ ಕೆಳಗೇ ಸೇರಿದ್ದರು.

2024ರ ಡಿಸೆಂಬರ್ 21ರಂದು ಅಮೆರಿಕದ ಆರ್ಲ್ಯಾಂಡೋ ನಗರದ ಲೇಕ್ ಇಯೋಲಾ ಉದ್ಯಾನದಲ್ಲಿ ನಡೆದ ಡ್ರೋನ್ ಬೆಳಕಿನ ಪ್ರದರ್ಶನದಲ್ಲಿ ಹಲವು ಡ್ರೋನ್‌ಗಳು ಪರಸ್ಪರ ಡಿಕ್ಕಿ ಹೊಡೆದು ಕೆಳಗೆ ಬಿದ್ದವು. ಅವುಗಳಲ್ಲಿ ಒಂದು ತಗುಲಿ ಏಳು ವರ್ಷದ ಬಾಲಕನೊಬ್ಬ ತೀವ್ರವಾಗಿ ಗಾಯಗೊಂಡನು. ಸ್ವಯಂಚಾಲಿತವಾಗಿ ನಿಯಂತ್ರಿಸಲಾಗುವ, ಅನುಮತಿ ಪಡೆದ ಪ್ರದರ್ಶನದಲ್ಲಿಯೂ ಪ್ರೇಕ್ಷಕರ ಅಂತರ ಎಷ್ಟು ಮುಖ್ಯ ಎಂಬುದನ್ನು ಈ ಘಟನೆ ತೋರಿಸಿತು.

ಭಾರತದಲ್ಲಿನ ನಿಯಮಗಳು

ಹಿನ್ನೆಲೆ

2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು (ಡಿಜಿಸಿಎ) ಸಾರ್ವಜನಿಕ ಪ್ರಕಟಣೆಯೊಂದರ ಮೂಲಕ ನಾಗರಿಕರು ಡ್ರೋನ್ ಹಾರಿಸುವುದನ್ನು ತಡೆಹಿಡಿಯಿತು. 2018ರ ಆಗಸ್ಟ್ 27ರಂದು ಹೊರಡಿಸಿದ ನಿಯಮಾವಳಿಯು ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂದು ಷರತ್ತುಬದ್ಧ ಹಾರಾಟಕ್ಕೆ ಅವಕಾಶ ನೀಡಿತು. ಆ ಸಂದರ್ಭದಲ್ಲಿ ನಿರ್ದೇಶನಾಲಯವು ಪ್ರಕಟಿಸಿದ ಸೂಚನೆಗಳಲ್ಲಿ, ಅನುಮತಿಯಿಲ್ಲದೆ ಜನರ ಗುಂಪು, ಸಾರ್ವಜನಿಕ ಸಮಾರಂಭ ಅಥವಾ ಜನ ತುಂಬಿದ ಕ್ರೀಡಾಂಗಣದ ಮೇಲೆ ಡ್ರೋನ್ ಹಾರಿಸಬಾರದು ಎಂಬುದೂ ಸೇರಿತ್ತು. 2021ರ ಮಾರ್ಚ್ 12ರಂದು ಮಾನವರಹಿತ ವಿಮಾನ ವ್ಯವಸ್ಥೆ ನಿಯಮಗಳು ಪ್ರಕಟವಾದವು. ಅವು ತೊಡಕಿನವು ಎಂಬ ಅಭಿಪ್ರಾಯ ವ್ಯಕ್ತವಾದ್ದರಿಂದ, ನಾಗರಿಕ ವಿಮಾನಯಾನ ಸಚಿವಾಲಯವು ಅವುಗಳ ಬದಲಿಗೆ ಸರಳಗೊಳಿಸಿದ ಡ್ರೋನ್ ನಿಯಮಗಳನ್ನು 2021ರ ಆಗಸ್ಟ್ 25ರಂದು ಜಾರಿಗೆ ತಂದಿತು.

ತೂಕದ ವರ್ಗಗಳು

ಸಾಗಿಸುವ ಸರಕೂ ಸೇರಿದಂತೆ ಹಾರಾಟದ ಸಮಯದ ಗರಿಷ್ಠ ತೂಕವನ್ನು ಆಧರಿಸಿ ಡ್ರೋನ್‌ಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ:
- ನ್ಯಾನೋ: 250 ಗ್ರಾಂವರೆಗೆ
- ಮೈಕ್ರೋ: 250 ಗ್ರಾಂಗಿಂತ ಹೆಚ್ಚು, 2 ಕಿಲೋಗ್ರಾಂವರೆಗೆ
- ಸಣ್ಣ: 2 ಕಿಲೋಗ್ರಾಂಗಿಂತ ಹೆಚ್ಚು, 25 ಕಿಲೋಗ್ರಾಂವರೆಗೆ
- ಮಧ್ಯಮ: 25 ಕಿಲೋಗ್ರಾಂಗಿಂತ ಹೆಚ್ಚು, 150 ಕಿಲೋಗ್ರಾಂವರೆಗೆ
- ದೊಡ್ಡ: 150 ಕಿಲೋಗ್ರಾಂಗಿಂತ ಹೆಚ್ಚು

ಮದುವೆ ಮತ್ತು ಉತ್ಸವಗಳಲ್ಲಿ ಬಳಸುವ ಕ್ಯಾಮೆರಾ ಡ್ರೋನ್‌ಗಳು ಹೆಚ್ಚಾಗಿ ಮೊದಲ ಎರಡು ವರ್ಗಗಳಿಗೆ ಸೇರಿರುತ್ತವೆ.

ವಾಯುಪ್ರದೇಶದ ವಲಯಗಳು

ಡಿಜಿಟಲ್ ಸ್ಕೈ ಜಾಲತಾಣದಲ್ಲಿರುವ ನಕ್ಷೆಯು ದೇಶದ ವಾಯುಪ್ರದೇಶವನ್ನು ಮೂರು ಬಣ್ಣಗಳಲ್ಲಿ ತೋರಿಸುತ್ತದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಪೂರ್ವಾನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದ ಪ್ರದೇಶದಲ್ಲಿ ಈ ಮಿತಿ 200 ಅಡಿಗೆ (60 ಮೀಟರ್) ಇಳಿಯುತ್ತದೆ. ಈ ಎತ್ತರಗಳಿಗಿಂತ ಮೇಲಿನ ಪ್ರದೇಶ ಹಾಗೂ ನಿಲ್ದಾಣದ ಗಡಿಯಿಂದ 5ರಿಂದ 8 ಕಿಲೋಮೀಟರ್ ನಡುವಿನ ಪ್ರದೇಶ ಹಳದಿ ವಲಯವಾಗಿದ್ದು, ಅಲ್ಲಿ ಸಂಬಂಧಪಟ್ಟ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಅನುಮತಿ ಅಗತ್ಯ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಈ ಬಣ್ಣಗಳು ಮುಖ್ಯವಾಗಿ ಇತರ ವಿಮಾನಗಳ ಸುರಕ್ಷತೆಯನ್ನೂ ಆಯಕಟ್ಟಿನ ಸ್ಥಳಗಳ ರಕ್ಷಣೆಯನ್ನೂ ಗಮನದಲ್ಲಿಟ್ಟುಕೊಂಡು ನಿಗದಿಯಾದವು. ಒಂದು ಊರು ಹಸಿರು ವಲಯದಲ್ಲಿದ್ದರೆ ಅಲ್ಲಿನ ಖಾಲಿ ಹೊಲವೂ ಸಂತೆಯ ಬಯಲೂ ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವೆ.

ತಾತ್ಕಾಲಿಕ ಕೆಂಪು ವಲಯ

ಹೆಚ್ಚು ಜನ ಸೇರುವ ಸಂದರ್ಭಗಳಿಗೆ ನಿಯಮಗಳಲ್ಲಿ ಇರುವ ಮುಖ್ಯ ಅಸ್ತ್ರ ತಾತ್ಕಾಲಿಕ ಕೆಂಪು ವಲಯ. ತುರ್ತು ಅಗತ್ಯವಿದ್ದಾಗ ರಾಜ್ಯ ಸರ್ಕಾರ ಅಥವಾ ಕಾನೂನು ಪಾಲನಾ ಸಂಸ್ಥೆಯು ನಿರ್ದಿಷ್ಟ ಪ್ರದೇಶವನ್ನು ಒಂದು ಬಾರಿಗೆ 96 ಗಂಟೆಗಳನ್ನು ಮೀರದಂತೆ ಕೆಂಪು ವಲಯವೆಂದು ಘೋಷಿಸಬಹುದು. ಈ ಘೋಷಣೆಯನ್ನು ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅದಕ್ಕೆ ಸಮಾನವಾದ ದರ್ಜೆಗಿಂತ ಕೆಳಗಿನ ಅಧಿಕಾರಿ ಹೊರಡಿಸುವಂತಿಲ್ಲ. ಹೀಗಾಗಿ ಹಿಂದಿನ ವಾರ ಹಸಿರಾಗಿದ್ದ ಸ್ಥಳವು ಉತ್ಸವದ ದಿನ ಕೆಂಪಾಗಿರಬಹುದು. ಪ್ರತಿ ಹಾರಾಟಕ್ಕೂ ಮುನ್ನ ನಕ್ಷೆಯನ್ನು ಹೊಸದಾಗಿ ಪರಿಶೀಲಿಸುವುದು ಪೈಲಟ್‌ನ ಕರ್ತವ್ಯ. ಇದಲ್ಲದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಪ್ರಕರಣದ ಅಡಿಯಲ್ಲಿಯೂ ಸ್ಥಳೀಯ ನಿಷೇಧಾಜ್ಞೆಗಳನ್ನು ಹೊರಡಿಸಲು ಅವಕಾಶವಿದೆ.

ನೋಂದಣಿ ಮತ್ತು ಪೈಲಟ್ ಪ್ರಮಾಣಪತ್ರ

ಡ್ರೋನನ್ನು ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ರಿಮೋಟ್ ಪೈಲಟ್ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರ ವಯಸ್ಸು 18ರಿಂದ 65 ವರ್ಷಗಳ ನಡುವೆ ಇರಬೇಕು, ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗಿರಬೇಕು ಮತ್ತು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಪ್ರಮಾಣಪತ್ರದ ಅವಧಿ ಹತ್ತು ವರ್ಷ. ನ್ಯಾನೋ ಡ್ರೋನ್‌ಗಳಿಗೂ, ವಾಣಿಜ್ಯೇತರ ಉದ್ದೇಶಕ್ಕೆ ಬಳಸುವ ಮೈಕ್ರೋ ಡ್ರೋನ್‌ಗಳಿಗೂ ಈ ಪ್ರಮಾಣಪತ್ರ ಬೇಕಿಲ್ಲ. ಹಣ ಪಡೆದು ಮದುವೆಯನ್ನು ಚಿತ್ರೀಕರಿಸುವುದು ವಾಣಿಜ್ಯ ಉದ್ದೇಶವಾದ್ದರಿಂದ, 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್ ಬಳಸುವ ಛಾಯಾಗ್ರಾಹಕರು ಈ ವಿನಾಯಿತಿಗೆ ಒಳಪಡುವುದಿಲ್ಲ.

ವಿಮೆ, ವರದಿ ಮತ್ತು ದಂಡ

ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ ಮತ್ತು ಪರಿಹಾರಕ್ಕೆ ಮೋಟಾರು ವಾಹನಗಳ ಕಾಯ್ದೆ, 1988ರ ಉಪಬಂಧಗಳನ್ನು ಅಗತ್ಯ ಮಾರ್ಪಾಡುಗಳೊಂದಿಗೆ ಅನ್ವಯಿಸಲಾಗಿದೆ. ಎಂದರೆ ರಸ್ತೆಯಲ್ಲಿ ಓಡುವ ಸ್ಕೂಟರಿಗೆ ಇರುವಂತೆ ಆಕಾಶದಲ್ಲಿ ಹಾರುವ ಡ್ರೋನಿಗೂ ವಿಮೆಯ ಹೊಣೆ ಇದೆ. ನ್ಯಾನೋ ವರ್ಗಕ್ಕೆ ಮಾತ್ರ ಇದರಿಂದ ವಿನಾಯಿತಿ ಇದೆ. ಅಪಘಾತ ಸಂಭವಿಸಿದರೆ 48 ಗಂಟೆಗಳೊಳಗೆ ಡಿಜಿಟಲ್ ಸ್ಕೈ ಮೂಲಕ ವರದಿ ಮಾಡಬೇಕು. ನಿಯಮ ಉಲ್ಲಂಘನೆಗೆ ವಿಧಿಸಬಹುದಾದ ಗರಿಷ್ಠ ದಂಡ 1 ಲಕ್ಷ ರೂಪಾಯಿ. ಶಸ್ತ್ರಾಸ್ತ್ರ, ಮದ್ದುಗುಂಡು ಮತ್ತು ಸ್ಫೋಟಕಗಳನ್ನು ಡ್ರೋನಿನಲ್ಲಿ ಸಾಗಿಸುವುದನ್ನು ನಿಷೇಧಿಸಲಾಗಿದೆ.

ಡ್ರೋನ್ ನಿಯಮಗಳ ಹೊರಗೂ ಪೈಲಟ್‌ನ ಹೊಣೆಗಾರಿಕೆ ಉಳಿಯುತ್ತದೆ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಇಲ್ಲವೇ ವೈಯಕ್ತಿಕ ಸುರಕ್ಷತೆಗೆ ಅಪಾಯ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆಯ 125ನೆಯ ಪ್ರಕರಣದಂತೆ ಅಪರಾಧ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೆಯ ಪ್ರಕರಣ ಅನ್ವಯಿಸುತ್ತದೆ. ಈ ಪ್ರಕರಣಗಳು ಡ್ರೋನಿನ ತೂಕವನ್ನಾಗಲಿ ವಲಯದ ಬಣ್ಣವನ್ನಾಗಲಿ ಗಣಿಸುವುದಿಲ್ಲ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನ

2016ರಲ್ಲಿ ಜಾರಿಗೆ ಬಂದ ನಿಯಮವು, ವಿಶೇಷ ವಿನಾಯಿತಿ ಇಲ್ಲದೆ, ಹಾರಾಟಕ್ಕೆ ಸಂಬಂಧಪಡದ ಜನರ ಮೇಲೆ ಹಾರಿಸುವುದನ್ನು ನಿಷೇಧಿಸಿತ್ತು. 2021ರ ಏಪ್ರಿಲ್‌ನಿಂದ ನಾಲ್ಕು ವರ್ಗಗಳ ವ್ಯವಸ್ಥೆ ಜಾರಿಯಲ್ಲಿದೆ. ಮೊದಲ ವರ್ಗದ ಡ್ರೋನ್ 250 ಗ್ರಾಂ ತೂಕವನ್ನು ಮೀರಿರಬಾರದು ಮತ್ತು ಚರ್ಮವನ್ನು ಕೊಯ್ಯುವಂತಹ ತೆರೆದ ತಿರುಗುವ ಭಾಗಗಳನ್ನು ಹೊಂದಿರಬಾರದು. ಎರಡನೆಯ ವರ್ಗದಲ್ಲಿ, ಗಟ್ಟಿ ವಸ್ತುವೊಂದು ಸುಮಾರು 15 ಜೂಲ್ ಶಕ್ತಿಯಿಂದ ಬಡಿದಾಗ ಆಗುವ ಗಾಯಕ್ಕಿಂತ ಹೆಚ್ಚಿನ ಗಾಯವಾಗಬಾರದು. ಮೂರನೆಯ ವರ್ಗದಲ್ಲಿ ಈ ಮಿತಿ ಸುಮಾರು 34 ಜೂಲ್. ಆದರೆ ಈ ವರ್ಗದ ಡ್ರೋನ್‌ಗಳನ್ನು ಬಯಲಿನಲ್ಲಿ ನೆರೆದ ಜನಸಮೂಹದ ಮೇಲೆ ಹಾರಿಸುವಂತಿಲ್ಲ. ನಾಲ್ಕನೆಯ ವರ್ಗಕ್ಕೆ ವಿಮಾನಗಳಿಗೆ ನೀಡುವಂತಹ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಬೇಕು.

ಐರೋಪ್ಯ ಒಕ್ಕೂಟ

2020ರ ಡಿಸೆಂಬರ್ 31ರಿಂದ ಅನ್ವಯವಾಗುವ ನಿಯಮಗಳಂತೆ, ಕಡಿಮೆ ಅಪಾಯದ 'ಮುಕ್ತ' ವರ್ಗದಲ್ಲಿ ಜನಸಂದಣಿಯ ಮೇಲಿನ ಹಾರಾಟ ಸಂಪೂರ್ಣ ನಿಷಿದ್ಧ. 4 ಕಿಲೋಗ್ರಾಂಗಿಂತ ಕಡಿಮೆ ತೂಕದ ನಿರ್ದಿಷ್ಟ ಡ್ರೋನ್‌ಗಳನ್ನು ಸಂಬಂಧಪಡದ ವ್ಯಕ್ತಿಗಳಿಂದ 30 ಮೀಟರ್ ಅಡ್ಡ ಅಂತರದಲ್ಲಿ ಹಾರಿಸಬೇಕು. ಕಡಿಮೆ ವೇಗದ ವ್ಯವಸ್ಥೆಯನ್ನು ಬಳಸಿದಾಗ ಈ ಅಂತರವನ್ನು 5 ಮೀಟರ್‌ವರೆಗೆ ಇಳಿಸಬಹುದು. ಇನ್ನೂ ದೊಡ್ಡ ಡ್ರೋನ್‌ಗಳು ವಸತಿ, ವಾಣಿಜ್ಯ, ಕೈಗಾರಿಕಾ ಮತ್ತು ವಿಹಾರ ಪ್ರದೇಶಗಳಿಂದ 150 ಮೀಟರ್ ದೂರವಿರಬೇಕು.

ಜಪಾನ್

ಓಗಾಕಿ ಘಟನೆಯ ನಂತರ, ಸಮಾರಂಭಗಳಲ್ಲಿ ಡ್ರೋನ್ ಹಾರಿಸುವಾಗ ಜನರ ಪ್ರವೇಶವನ್ನು ನಿರ್ಬಂಧಿಸಬೇಕಾದ ಜಾಗದ ಅಳತೆಯನ್ನು ಎತ್ತರಕ್ಕೆ ತಕ್ಕಂತೆ ನಿಗದಿಪಡಿಸಲಾಯಿತು. 20 ಮೀಟರ್‌ಗಿಂತ ಕಡಿಮೆ ಎತ್ತರದ ಹಾರಾಟಕ್ಕೆ ಸುತ್ತಲೂ 30 ಮೀಟರ್, 100ರಿಂದ 150 ಮೀಟರ್ ಎತ್ತರದ ಹಾರಾಟಕ್ಕೆ 70 ಮೀಟರ್ ಜಾಗವನ್ನು ಖಾಲಿ ಬಿಡಬೇಕು. 2022ರ ಡಿಸೆಂಬರ್ 5ರಿಂದ, ಪ್ರಮಾಣೀಕೃತ ಡ್ರೋನ್ ಮತ್ತು ಪರವಾನಗಿ ಪಡೆದ ಪೈಲಟ್ ಇದ್ದಲ್ಲಿ, ಜನವಸತಿಯ ಮೇಲೆ ದೃಷ್ಟಿಗೆ ನಿಲುಕದ ದೂರದವರೆಗೂ ಹಾರಿಸಲು ಅನುಮತಿ ನೀಡುವ ವ್ಯವಸ್ಥೆ ಜಾರಿಗೆ ಬಂದಿದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಲ್ಲದೆ ಎಚ್‌ಎಎಲ್ ವಿಮಾನ ನಿಲ್ದಾಣ, ಯಲಹಂಕದ ವಾಯುಪಡೆ ನೆಲೆ ಮತ್ತು ಜಕ್ಕೂರಿನ ವೈಮಾನಿಕ ತರಬೇತಿ ಕ್ಷೇತ್ರಗಳಿವೆ. ಆದಕಾರಣ ನಗರದಲ್ಲಿ ಎಲ್ಲಿಯೇ ಆದರೂ ಹಾರಾಟಕ್ಕೆ ಮುನ್ನ ವಲಯದ ನಕ್ಷೆಯನ್ನು ನೋಡುವುದು ಅನಿವಾರ್ಯ. ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ದಿನಗಳಲ್ಲಿ ಸುತ್ತಮುತ್ತಲಿನ ಪ್ರದೇಶದಲ್ಲಿ ಡ್ರೋನ್ ಹಾರಾಟವನ್ನು ನಿಷೇಧಿಸಲಾಗುತ್ತದೆ.

2024ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ಡ್ರೋನ್‌ಗಳ ಬೆಳಕಿನ ಪ್ರದರ್ಶನವನ್ನು ಏರ್ಪಡಿಸಲಾಗಿತ್ತು. ಇಂತಹ ಪ್ರದರ್ಶನಗಳ ಸುರಕ್ಷತೆಯು ಡ್ರೋನ್‌ಗಳ ಗುಂಪು ಪ್ರೇಕ್ಷಕರ ಮೇಲೆ ಬಾರದಂತೆ ಹಾರಾಟದ ಕ್ಷೇತ್ರವನ್ನು ಬೇರೆಯಾಗಿ ಗುರುತಿಸುವುದನ್ನೂ, ನಿಯಂತ್ರಣ ತಪ್ಪಿದ ಡ್ರೋನ್ ಆ ಕ್ಷೇತ್ರದೊಳಗೇ ಇಳಿಯುವಂತೆ ಯೋಜಿಸುವುದನ್ನೂ ಅವಲಂಬಿಸಿರುತ್ತದೆ.

2020ರ ಏಪ್ರಿಲ್‌ನಲ್ಲಿ ಪ್ರಕಟವಾದ ಸ್ವಾಮಿತ್ವ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಕರ್ನಾಟಕವೂ ಸೇರಿತ್ತು. ಹಳ್ಳಿಗಳ ಗ್ರಾಮಠಾಣಾ ಪ್ರದೇಶವನ್ನು ಡ್ರೋನ್ ಮೂಲಕ ಅಳತೆ ಮಾಡಿ ಮನೆಗಳ ಆಸ್ತಿ ದಾಖಲೆ ಸಿದ್ಧಪಡಿಸುವುದು ಇದರ ಉದ್ದೇಶ. ಜನವಸತಿಯ ಮೇಲಿನ ಹಾರಾಟವೆಲ್ಲವೂ ಅನಗತ್ಯವಲ್ಲ, ಪೂರ್ವಸೂಚನೆ ಮತ್ತು ನಿಯಂತ್ರಣವಿದ್ದಾಗ ಅದು ಸಾರ್ವಜನಿಕ ಉಪಯೋಗಕ್ಕೂ ಒದಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಖಾಸಗಿತನ

ಡ್ರೋನಿನ ಕ್ಯಾಮೆರಾ ಕಾಂಪೌಂಡ್ ಗೋಡೆಯನ್ನೂ ಮನೆಯ ಮಾಳಿಗೆಯನ್ನೂ ದಾಟಿ ನೋಡಬಲ್ಲದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಘೋಷಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಆಕೆಯ ಒಪ್ಪಿಗೆಯಿಲ್ಲದೆ ವೀಕ್ಷಿಸುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಪ್ರಕರಣದಂತೆ ಶಿಕ್ಷಾರ್ಹ. ಚಿತ್ರೀಕರಣ ಡ್ರೋನಿನಿಂದ ನಡೆದಿದ್ದರೂ ಈ ನಿಯಮ ಬದಲಾಗುವುದಿಲ್ಲ.

ಸುರಕ್ಷತಾ ಕ್ರಮಗಳು

ಜನ ಸೇರುವ ಸ್ಥಳಗಳಲ್ಲಿ ಹಾರಾಟ ಅನಿವಾರ್ಯವಾದಾಗ ಕೆಳಗಿನ ಕ್ರಮಗಳು ಅಪಾಯವನ್ನು ತಗ್ಗಿಸುತ್ತವೆ:
- ಹಾರಾಟದ ದಿನ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡುವುದು ಮತ್ತು ಸ್ಥಳೀಯ ಪೊಲೀಸರಿಗೆ ಹಾಗೂ ಸಮಾರಂಭದ ಸಂಘಟಕರಿಗೆ ತಿಳಿಸುವುದು.
- ಜನರ ನೇರ ಮೇಲ್ಗಡೆ ಹಾರಿಸದೆ, ಪಕ್ಕದ ಖಾಲಿ ಜಾಗದ ಮೇಲಿನಿಂದ ಓರೆಯಾಗಿ ಚಿತ್ರೀಕರಿಸುವುದು.
- ಹಾರುವ ಎತ್ತರದಷ್ಟಾದರೂ ಅಡ್ಡ ಅಂತರವನ್ನು ಜನರಿಂದ ಕಾಯ್ದುಕೊಳ್ಳುವುದು.
- ಏರುವ ಮತ್ತು ಇಳಿಯುವ ಸ್ಥಳಕ್ಕೆ ಹಗ್ಗ ಕಟ್ಟಿ, ಮಕ್ಕಳು ಹತ್ತಿರ ಬಾರದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸುವುದು.
- ಪ್ರೊಪೆಲ್ಲರ್‌ಗಳಿಗೆ ರಕ್ಷಣಾ ಕವಚ ತೊಡಿಸುವುದು. ಭಾರವಾದ ಡ್ರೋನ್‌ಗಳಲ್ಲಿ ಪ್ಯಾರಾಚೂಟ್ ಅಳವಡಿಸುವುದು.
- ಉಬ್ಬಿದ ಅಥವಾ ಪೆಟ್ಟು ತಿಂದ ಬ್ಯಾಟರಿಯನ್ನು ಬಳಸದಿರುವುದು. ಬ್ಯಾಟರಿ ಬರಿದಾಗುವುದಕ್ಕೆ ಬಹಳ ಮುಂಚೆಯೇ ಇಳಿಸುವುದು.
- ಸಂಪರ್ಕ ಕಡಿದಾಗ ಡ್ರೋನ್ ಹಿಂದಿರುಗುವ ದಾರಿಯಲ್ಲಿ ಮರ, ತಂತಿ ಅಥವಾ ಜನರ ಗುಂಪು ಇಲ್ಲದಂತೆ ಎತ್ತರವನ್ನು ಮೊದಲೇ ನಿಗದಿಪಡಿಸುವುದು.
- ಹೂವು ಮುಂತಾದವನ್ನು ಮೇಲಿನಿಂದ ಸುರಿಸುವಾಗ ಜನರು ಡ್ರೋನಿನ ಕೆಳಗೆ ನುಗ್ಗದಂತೆ ಜಾಗವನ್ನು ತೆರವುಗೊಳಿಸುವುದು.

ಪ್ರೇಕ್ಷಕರು ಕೆಳಕ್ಕೆ ಇಳಿಯುತ್ತಿರುವ ಡ್ರೋನನ್ನು ಕೈಯಿಂದ ಹಿಡಿಯಲು ಪ್ರಯತ್ನಿಸಬಾರದು. ಬಿದ್ದ ಡ್ರೋನಿನ ಪ್ರೊಪೆಲ್ಲರ್‌ಗಳು ಮತ್ತೆ ತಿರುಗುವ ಹಾಗೂ ಬ್ಯಾಟರಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ ಅದರಿಂದ ದೂರ ಸರಿದು ಸಂಘಟಕರಿಗೆ ಅಥವಾ ಪೊಲೀಸರಿಗೆ ತಿಳಿಸಬೇಕು.